ಕಾರ್ಡ್ ತಂಪು, ಖೋಲಿ ಬಿಸಿ

2024ರ ಮೇ 6. ಬೆಳಿಗ್ಗೆ ಆರೂವರೆಗೆ ತಮ್ಮ ಬೆಂಗಳೂರು ಬಸ್ಸಿನಿಂದ ಇಳಿದ. ಮರುದಿನ ನಮ್ಮ ರಾಯಚೂರಲ್ಲಿ ಲೋಕಸಭೆಗೆ ಮತದಾನ, ಓಟು ಹಾಕೋಕೆ ಬಂದಿದ್ದ. ಬ್ಯಾಗಲ್ಲಿ ಎರಡು ಜೊತೆ ಬಟ್ಟೆ. ಬಟ್ಟೆಯ ನಡುವೆ ದಪ್ಪ ಟವೆಲ್ಲಿನಲ್ಲಿ ಸುತ್ತಿದ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಗೇಮ್, ವಿಡಿಯೋದ ಭಾರದ ಕೆಲಸ ಹೊರುವ ಭಾಗ. ತನ್ನ ಕಂಪ್ಯೂಟರಿನಿಂದಲೇ ಬಿಚ್ಚಿ ತಂದಿದ್ದ. "ಮಾತು ಸಾಕಣ್ಣ, ಹಾಕಿ ನೋಡೇ ಬಿಡೋಣು" ಅಂದ.

ಮಾತು ನಿಜವಾಗಲೂ ಸಾಕಾಗಿತ್ತು. ಮೂರು ವಾರದಿಂದ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಅದೇ ವಾದ. ಈ ಕಾರ್ಡುಗಳ ಚಿಪ್ಪು ಮಾಡಿಸುವ ಎರಡು ಕಂಪನಿಗಳಲ್ಲಿ ಎನ್‌ವಿಡಿಯಾನಾ, ಎಎಂಡಿನಾ? ಯಾವುದು ಜೋರು, ಯಾವುದು ಜಾಸ್ತಿ ಕಾಯುತ್ತೆ, ಯಾವುದು ಕಡಿಮೆ ಕರೆಂಟ್ ತಿನ್ನುತ್ತೆ?

ನನಗೆ ಇದು ಹವ್ಯಾಸದ ಪ್ರಶ್ನೆ ಆಗಿರಲಿಲ್ಲ. ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಮನೆಯ ಮಾಳಿಗೆ ಮೇಲಿನ ಹತ್ತು ಅಡಿ ಹತ್ತು ಅಡಿಯ ಖೋಲಿಯೇ ನನ್ನ ಕೆಲಸದ ಜಾಗ. ಎಸಿ ಇಲ್ಲ, ಒಂದು ಕೂಲರ್ ಇದೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 41, 42 ಡಿಗ್ರಿ ಮುಟ್ಟುತ್ತೆ. ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಹನ್ನೆರಡರ ತನಕ ಕೆಳಗೆ ಕಾವು ಇಳಿಸುತ್ತೆ. ಏಪ್ರಿಲ್ ಮಧ್ಯದಲ್ಲಿ ಒಂದು ರಾತ್ರಿ ಅರ್ಧ ಎಕ್ಸ್‌ಪೋರ್ಟ್ ಆಗಿದ್ದಾಗ ಸ್ಕ್ರೀನ್ ಕಪ್ಪಾಯಿತು. ಮತ್ತೆ ಬೆಳಕು ಬರಲೇ ಇಲ್ಲ. ಕಾರ್ಡ್ ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಎರೆಮಣ್ಣಿನ ಧೂಳು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಚಿಪ್ಪಿನ ಕಾವು ಪಟ್ಟಿಗೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಆ ಕಾರ್ಡ್ ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ, ಯಾಕೆಂದರೆ ಅದರ ತಪ್ಪಲ್ಲ. ಕೂಲರಿನ ಗಾಳಿಗೆ ಎದುರಾಗಿ ಕ್ಯಾಬಿನೆಟ್ ಇಟ್ಟು, ಎರಡು ವರ್ಷ ಒಮ್ಮೆಯೂ ಬಿಚ್ಚಿ ಒರೆಸದೆ ಓಡಿಸಿದವನು ನಾನು.

ಹೊಸ ಕಾರ್ಡ್ ಬೇಕಾಗಿತ್ತು. ನಾನು ಎನ್‌ವಿಡಿಯಾ ಕಡೆಯವನು, ತಮ್ಮ ಎಎಂಡಿ ಕಡೆಯವನು. ನಮ್ಮಿಬ್ಬರ ನಂಬಿಕೆಗೂ ಕಾರಣ ಇತ್ತು. ನಾನು ಕಂಪ್ಯೂಟರ್ ಜೋಡಿಸೋದು ಕಲಿತ ಹೊತ್ತಿಗೆ, ಅಂದರೆ 2014ರಲ್ಲಿ, ಎನ್‌ವಿಡಿಯಾದ ಜಿಟಿಎಕ್ಸ್ 970 ಬಂತು. ಬರೀ 145 ವ್ಯಾಟ್. ಅದಕ್ಕೂ ಹಿಂದಿನ ವರ್ಷ ಬಂದಿದ್ದ ಎಎಂಡಿಯ ಆರ್9 290 ಎಕ್ಸ್ ಚಿಪ್ಪು 95 ಡಿಗ್ರಿಯಲ್ಲಿ ಓಡೋ ಹಾಗೇ ಮಾಡಿದ್ದು. ಹಾಗಾಗಿ "ಎಎಂಡಿ ಅಂದರೆ ಬಿಸಿ" ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ತಮ್ಮ ಅದಕ್ಕೂ ಹಿಂದಕ್ಕೆ ಹೋಗುತ್ತಿದ್ದ. "2010ರಾಗಿನ ನಿನ್ನ ಎನ್‌ವಿಡಿಯಾದ ಜಿಟಿಎಕ್ಸ್ 480 ಮರ್ತೆಯೇನು? 250 ವ್ಯಾಟ್. ಅದಕ್ಕಿಂತ ಆರು ತಿಂಗಳು ಮೊದಲೇ ಬಂದಿದ್ದ ಎಎಂಡಿಯ ರೇಡಿಯಾನ್ 5870ಕ್ಕ 188 ವ್ಯಾಟ್ ಸಾಕಾಗ್ತಿತ್ತು." ಅದೂ ನಿಜ. ಆ 480 ಕಾರ್ಡಿನ ಕಾವು ಆಗ ಎಲ್ಲರ ಬಾಯಲ್ಲಿ ಇತ್ತು. ಆಮೇಲೆ 2020ರ ಪೀಳಿಗೆ. ಎನ್‌ವಿಡಿಯಾ ತನ್ನ 30 ಸರಣಿಯ ಚಿಪ್ಪುಗಳನ್ನು ಸ್ಯಾಮ್‌ಸಂಗ್ ಹತ್ತಿರ 8 ನ್ಯಾನೋಮೀಟರಿನಲ್ಲಿ ಮಾಡಿಸಿತು, ಎಎಂಡಿ ತೈವಾನಿನ ಟಿಎಸ್‌ಎಂಸಿ ಹತ್ತಿರ 7ರಲ್ಲಿ ಮಾಡಿಸಿತು. ಈ ಅಂಕಿ ಚಿಕ್ಕದಾದಷ್ಟೂ ಚಿಪ್ಪು ಸಾಮಾನ್ಯವಾಗಿ ಕಡಿಮೆ ಕರೆಂಟ್ ತಿನ್ನುತ್ತೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಅಂದರೆ 170 ವ್ಯಾಟ್. ಹೆಚ್ಚುಕಡಿಮೆ ಅದರ ಹತ್ತಿರದ ವೇಗ ಕೊಡುವ ಎಎಂಡಿಯ ಆರ್‌ಎಕ್ಸ್ 6600 ಬರೀ 132. ಮುಂದಿನ ಪೀಳಿಗೆಗೆ ಎನ್‌ವಿಡಿಯಾನೂ ಟಿಎಸ್‌ಎಂಸಿಗೆ ಹೋಯಿತು, 2023ರ ಆರ್‌ಟಿಎಕ್ಸ್ 4060 ಆಗ 115ಕ್ಕೆ ಇಳಿಯಿತು. ಅಂದರೆ ಬಿಸಿ ಅನ್ನೋದು ಒಂದೇ ಕಂಪನಿಯ ಗುಣ ಅಲ್ಲ. ಆ ವರ್ಷ ಚಿಪ್ಪನ್ನು ಯಾವ ಕಾರ್ಖಾನೆಯಲ್ಲಿ ಮಾಡಿಸಿದರು, ಎಷ್ಟು ವೋಲ್ಟೇಜ್ ಹೊಡೆದು ಓಡಿಸಿದರು ಅನ್ನೋದರ ಮೇಲೆ ಅದು ನಿಂತಿದೆ. ನಾನು ಹತ್ತು ವರ್ಷದ ಹಿಂದಿನ ಒಂದು ಕಾರ್ಡ್ ನೋಡಿ ಇವತ್ತಿನ ಖರೀದಿ ತೀರ್ಮಾನ ಮಾಡ್ತಾ ಇದ್ದೆ. ತಮ್ಮನೂ ಅದನ್ನೇ ಮಾಡ್ತಾ ಇದ್ದ.

ಒಂದು ವಾರವಂತೂ ಒಂದು ಸ್ಕ್ರೀನ್‌ಶಾಟಿನ ಮೇಲೆ ಹೋಯಿತು. ತಮ್ಮನದು ಆರ್‌ಎಕ್ಸ್ 6700 ಎಕ್ಸ್‌ಟಿ. ಗೇಮ್ ಓಡುವಾಗ ತೆಗೆದು ಕಳಿಸಿದ್ದ, ಮೂಲೆಯಲ್ಲಿ 180 ವ್ಯಾಟ್ ಅಂತ ಇತ್ತು. "ಎಲ್ಲದ 230? ಬಾಕ್ಸ್ ಮ್ಯಾಲೆ ಸುಮ್ನೆ ಬರ್ದಾರ" ಅಂದ. ನಾನೂ ನಂಬಿದೆ. ಆಮೇಲೆ ಗೊತ್ತಾಯಿತು, ಆ ಪೀಳಿಗೆಯ ಎಎಂಡಿ ಕಾರ್ಡುಗಳು ತೋರಿಸೋದು ಚಿಪ್ಪು ಒಂದರ ಲೆಕ್ಕ ಮಾತ್ರ. ಮೆಮೊರಿ, ಫ್ಯಾನ್, ವೋಲ್ಟೇಜ್ ಬದಲಿಸುವಾಗ ಆಗುವ ನಷ್ಟ, ಇವು ಯಾವುವೂ ಅದರಲ್ಲಿ ಸೇರಲ್ಲ. ಎನ್‌ವಿಡಿಯಾ ಕಾರ್ಡ್ ತೋರಿಸೋದು ಇಡೀ ಬೋರ್ಡಿನ ಲೆಕ್ಕ. ಒಬ್ಬ ಚೀಲ ಬಿಟ್ಟು ಬರೀ ಜೋಳ ತೂಗಿದ, ಇನ್ನೊಬ್ಬ ಚೀಲ ಸಮೇತ ತೂಗಿದ. ಎರಡನ್ನೂ ಪಕ್ಕದಲ್ಲಿಟ್ಟು ನಾವು ಜಗಳ ಆಡಿದೆವು.

ಅದಕ್ಕೇ ಗೋಡೆಯ ಪ್ಲಗ್ಗಿನಲ್ಲೇ ಅಳೆಯೋಣ ಅಂತ ಒಂದು ವ್ಯಾಟ್‌ಮೀಟರ್ ತರಿಸಿದೆ. ಪ್ಲಗ್ಗಿಗೂ ವೈರಿಗೂ ನಡುವೆ ಸಿಕ್ಕಿಸೋದು, ಎಷ್ಟು ಕರೆಂಟ್ ಹೋಗ್ತಿದೆ ಅಂತ ತೋರಿಸುತ್ತೆ. ಇಲ್ಲೇ ಗೇಮಿಂಗ್ ಸೆಂಟರ್ ನಡೆಸುವ ಗೆಳೆಯ ಒಂದು ಆರ್‌ಟಿಎಕ್ಸ್ 4060 ಕೊಟ್ಟ. ಆ ಮೇ ತಿಂಗಳಲ್ಲಿ ಮದುವೆ ಮುಹೂರ್ತಗಳೂ ಕಡಿಮೆ ಇದ್ದವು. ಹಾಗಾಗಿ ಕೈಯಲ್ಲಿ ಸಮಯವೂ ಇತ್ತು.

ಎರಡು ಕಾರ್ಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ತಮ್ಮನ 6700 ಎಕ್ಸ್‌ಟಿಗೆ ಮೂರು ಫ್ಯಾನ್, ಇಟ್ಟಿಗೆಯಷ್ಟು ದಪ್ಪ, ಕೈಯಲ್ಲಿ ಹಿಡಿದರೆ ಭಾರ. 12 ಜಿಬಿ ಮೆಮೊರಿ. 4060 ಚಿಕ್ಕದು, ಎರಡು ಫ್ಯಾನ್, ಪುಸ್ತಕದ ಹಾಗೆ ಹಗುರ. 8 ಜಿಬಿ. ಹೊಸ ಪೀಳಿಗೆಗೂ ಹಳೆ ಪೀಳಿಗೆಗೂ ಕಟ್ಟಿದ ಪಂದ್ಯ ಇದು, ಪೂರ್ತಿ ನ್ಯಾಯದ್ದಲ್ಲ. ಆದರೆ ನಮ್ಮ ಕೈಗೆ ಸಿಕ್ಕಿದ್ದು ಇವೇ, ಮತ್ತೆ ಆಗ ಎರಡೂ ಅಂಗಡಿಯಲ್ಲಿ ಸಿಗ್ತಾ ಇದ್ದವು.

ಓಟು ಹಾಕಿ ಬಂದ ಸಂಜೆ ಶುರು ಮಾಡಿದೆವು. ಮೊದಲು ತಮ್ಮನ ಕಾರ್ಡ್. ಒಂದು ಕಾರ್ ರೇಸ್ ಗೇಮ್ ಹಚ್ಚಿ ಮೀಟರ್ ನೋಡುತ್ತಾ ಕೂತೆವು. ಕಂಪ್ಯೂಟರ್ ಪೂರ್ತಿ ಸೇರಿ 335 ವ್ಯಾಟ್. ಹತ್ತು ನಿಮಿಷ ಆಗಿರಬೇಕು, ಕರೆಂಟ್ ಹೋಯಿತು. ಯುಪಿಎಸ್ ಒಮ್ಮೆ ಕಿರುಚಿತು, ಅಷ್ಟೇ, ಎಲ್ಲ ಬಂದ್. ನನ್ನ ಯುಪಿಎಸ್ 600 ವಿಎದ್ದು, ತಡೆಯೋದು 360 ವ್ಯಾಟ್. ಕಂಪ್ಯೂಟರಿನ 335ಕ್ಕೆ ಮಾನಿಟರಿನದು ಸೇರಿಸಿದರೆ ಅಲ್ಲಿಗೆ ಮುಗಿಯಿತು. ಇದನ್ನು ನಾವಿಬ್ಬರೂ ಮೂರು ವಾರದ ವಾದದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಕರೆಂಟ್ ಬಂದಮೇಲೆ 4060 ಹಾಕಿ ನೋಡಿದೆವು, ಅದೇ ಗೇಮಿಗೆ 210. ಬೇಕಂತಲೇ ಮೇನ್ ಸ್ವಿಚ್ ಆಫ್ ಮಾಡಿದೆ. ಯುಪಿಎಸ್ ಕೂಗುತ್ತಾ ನಿಂತಿತು, ಫೈಲ್ ಸೇವ್ ಮಾಡಿ ಆರಾಮಾಗಿ ಬಂದ್ ಮಾಡೋಕೆ ಸಮಯ ಸಿಕ್ಕಿತು. ಕರೆಂಟ್ ಹೇಳದೆ ಹೋಗುವ ಊರಲ್ಲಿ ಕೆಲಸ ಮಾಡುವವನಿಗೆ ಈ ಒಂದು ನಿಮಿಷ ಎಷ್ಟು ದೊಡ್ಡದು ಅಂತ ಬೇರೆಯವರಿಗೆ ಹೇಳಿದರೆ ಅರ್ಥ ಆಗೋದು ಕಷ್ಟ.

ವೇಗದ ಮಾತು ಬೇಗ ಮುಗಿಸಿಬಿಡುತ್ತೇನೆ. ನಾವು ಓಡಿಸಿದ ಗೇಮುಗಳಲ್ಲಿ ತಮ್ಮನ ಕಾರ್ಡ್ ನೂರಕ್ಕೆ ಎಂಟು, ಹತ್ತು ಪಾಲು ಮುಂದೆ ಇತ್ತು. ಕೆಲಸ ಇಲ್ಲದೆ ಸುಮ್ನೆ ಇದ್ದಾಗ ಎರಡರಲ್ಲೂ ಮೀಟರ್ 50, 55ರ ಆಸುಪಾಸಿನಲ್ಲೇ ಇತ್ತು.

ನಿಜವಾದ ತಕರಾರು ಬಂದಿದ್ದು ಬಿಸಿಯ ವಿಷಯದಲ್ಲಿ. ಎರಡು ರಾತ್ರಿ, ಎಂಟರಿಂದ ಹತ್ತರ ತನಕ, ಕಿಟಕಿ ಮುಚ್ಚಿ, ಕೂಲರ್ ಬಂದ್ ಮಾಡಿ ಒಂದೊಂದು ಕಾರ್ಡ್ ಓಡಿಸಿದೆವು. ಒಳಗೆ ಕೂರೋಕೆ ಆಗ್ತಿರಲಿಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷಕ್ಕೊಮ್ಮೆ ಒಳಗೆ ಹೋಗಿ ಬರೆದುಕೊಂಡು ಬರ್ತಿದ್ದೆವು. ಸ್ಕ್ರೀನಿನ ಮೇಲೆ ತಮ್ಮನ ಕಾರ್ಡಿನ ಟೆಂಪರೇಚರ್ 66 ಡಿಗ್ರಿ ದಾಟಲಿಲ್ಲ. ನನ್ನ ಕಡೆಯ 4060 ಹೋಗಿ 73ರಲ್ಲಿ ನಿಂತಿತು. ತಮ್ಮ ಆ ಹಾಳೆ ನನ್ನ ಮುಖಕ್ಕೆ ಹಿಡಿದ. "ಯಾವ್ದು ತಂಪು ಹೇಳಣ್ಣ ಈಗ!"

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಖೋಲಿಯ ಗೋಡೆಗೆ ಒಂದು ಗಡಿಯಾರ ಇದೆ, ಅದು ಕೋಣೆಯ ಟೆಂಪರೇಚರ್ ತೋರಿಸುತ್ತೆ. ಎರಡು ರಾತ್ರಿಯೂ ಶುರುವಿನಲ್ಲಿ ಅದು 36 ತೋರಿಸಿತ್ತು. 4060 ಓಡಿದ ರಾತ್ರಿ ಹತ್ತು ಗಂಟೆಗೆ 37.5. ತಮ್ಮನ ಕಾರ್ಡ್ ಓಡಿದ ರಾತ್ರಿ 39. ಸ್ಕ್ರೀನಿನಲ್ಲಿ ತಂಪಾಗಿದ್ದ ಕಾರ್ಡೇ ಖೋಲಿಯನ್ನು ಜಾಸ್ತಿ ಕಾಯಿಸಿತ್ತು! ಅವ್ವ ಒಣಗಿದ ಬಟ್ಟೆ ತರೋಕೆ ಮೇಲೆ ಬಂದವಳು ಬಾಗಿಲು ತೆರೆದು, "ಒಳಗ ಒಲಿ ಹಚ್ಚೀರೇನಪ?" ಅಂದಳು.

ಬಿಡಿಸಿ ಹೇಳಿದ್ದು ಅಪ್ಪ. ಅವರು ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ಕಡೆ ಕೆಲಸ ಮಾಡಿ ರಿಟೈರ್ ಆದವರು. ಕಂಪ್ಯೂಟರ್ ಮುಟ್ಟಿದವರಲ್ಲ. ನಮ್ಮ ಹಾಳೆ ತಗೊಂಡು ಕನ್ನಡಕ ಏರಿಸಿ ನೋಡಿದರು. "ಒಳಗ ಎಷ್ಟ್ ವ್ಯಾಟ್ ಹೋತೋ, ಅಷ್ಟೂ ಕಾವಾಗೇ ಹೊರಗ ಬರಬೇಕು. ಮತ್ತೆಲ್ಲಿ ಹೋಗ್ತದ? ನಿನ್ನ ತಮ್ಮನ ಕಾರ್ಡಿನಾಗ ದೊಡ್ಡ ಫ್ಯಾನ್ ಅದಾವ, ಲಗೂನ ಹೊರಗ ಹಾಕ್ತದ. ಅದಕ್ಕ ಇದು ತಂಪು, ನಿಮ್ಮ ಖೋಲಿ ಬಿಸಿ." ಅಷ್ಟೇ ಹೇಳಿ ಹಾಳೆ ವಾಪಸ್ ಕೊಟ್ಟರು.

ಅವತ್ತು ರಾತ್ರಿ ಮಲಗಿದಮೇಲೂ ಅದೇ ತಲೆಯಲ್ಲಿ ತಿರುಗಿತು. ಚಿಪ್ಪಿನ ಟೆಂಪರೇಚರ್ ಹೇಳೋದು ಕಾರ್ಡಿನ ಮೇಲಿನ ಕೂಲರ್ ಎಷ್ಟು ದೊಡ್ಡದು, ಫ್ಯಾನ್ ಎಷ್ಟು ಜೋರು ಅನ್ನೋದನ್ನ. ಖೋಲಿಗೆ ಎಷ್ಟು ಕಾವು ಸುರೀತಿದೆ ಅನ್ನೋದು ವ್ಯಾಟ್ ಲೆಕ್ಕ. ಇವೆರಡೂ ಬೇರೆ ಬೇರೆ. 73 ಡಿಗ್ರಿ ಅಂದರೆ ಚಿಪ್ಪಿಗೆ ಏನೂ ಆಗಲ್ಲ, ಆದರೆ ಖೋಲಿ 39 ಆದರೆ ಅಲ್ಲಿ ಕೂರೋನು ನಾನು. ಮೂರು ವಾರ ನಾವು "ಬಿಸಿ, ಬಿಸಿ" ಅಂತ ಹೊಡೆದಾಡಿದ್ದು ಒಂದೇ ಮಾತಿಗೆ ಎರಡು ಅರ್ಥ ಇಟ್ಟುಕೊಂಡು.

ಆಮೇಲೆ ನನ್ನ ಕೆಲಸದ ಪರೀಕ್ಷೆ. ಮದುವೆ ವಿಡಿಯೋದ ಮೊದಲಿಗೆ ಹೆಸರು ಬರುವ ಹತ್ತು ಸೆಕೆಂಡಿನ ಟೈಟಲ್ ಇರುತ್ತಲ್ಲ, ಅದನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ. ಸೆಕೆಂಡಿಗೆ 25 ಫ್ರೇಮ್, ಒಟ್ಟು 250. 4060ರಲ್ಲಿ ಒಂದು ಫ್ರೇಮಿಗೆ 19 ಸೆಕೆಂಡ್, ತಮ್ಮನದರಲ್ಲಿ 43. ಬ್ಲೆಂಡರ್ ಎನ್‌ವಿಡಿಯಾದ ರೇ ಟ್ರೇಸಿಂಗ್ ಭಾಗವನ್ನು, ಅಂದರೆ ಬೆಳಕಿನ ದಾರಿ ಲೆಕ್ಕ ಹಾಕುವ ಭಾಗವನ್ನು, ಚೆನ್ನಾಗಿ ದುಡಿಸಿಕೊಳ್ಳುತ್ತೆ, ಅದಕ್ಕೇ ಈ ಅಂತರ. ಗೇಮಿನಲ್ಲಿ ಮುಂದಿದ್ದ ಕಾರ್ಡ್ ಇಲ್ಲಿ ಅರ್ಧಕ್ಕಿಂತ ಹಿಂದೆ ಬಿತ್ತು. ಮೀಟರಿನ ಪ್ರಕಾರ ಇಡೀ ಟೈಟಲಿಗೆ 4060 ಕಾಲು ಯೂನಿಟ್ ಕರೆಂಟ್ ತಗೊಂಡಿತು, ತಮ್ಮನದು 0.9 ಯೂನಿಟ್. ಬೈಕಿಗೆ ಮೈಲೇಜ್ ನೋಡ್ತೀವಲ್ವಾ, ಅದೇ ಥರ. ಟ್ಯಾಂಕ್ ಎಷ್ಟು ದೊಡ್ಡದು ಅಂತ ಯಾರೂ ಕೇಳಲ್ಲ, ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳ್ತಾರೆ. ಕಾರ್ಡಿಗೂ ಕೇಳಬೇಕಾದ ಪ್ರಶ್ನೆ ಅದೇ, ಅದೂ ನಮ್ಮ ಸ್ವಂತ ಕೆಲಸ ಹಚ್ಚಿ ಕೇಳಬೇಕು.

ಇಷ್ಟಕ್ಕೇ ನಾನು ಗೆದ್ದೆ ಅಂದುಕೊಂಡಿದ್ದೆ. ತಮ್ಮ 4ಕೆ ಫೈಲ್ ಒಂದನ್ನು ತೆಗಿ ಅಂದ. ರಾತ್ರಿ ಆರತಕ್ಷತೆಯ ವಿಡಿಯೋ, ಕತ್ತಲಲ್ಲಿ ತೆಗೆದಿದ್ದು, ತುಂಬಾ ಕಾಳುಕಾಳು. ಅದಕ್ಕೆ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ 4060ರಲ್ಲಿ ಮೆಮೊರಿ ಸಾಲದು ಅಂತ ಸಂದೇಶ ಬಂತು. ಕೆಲಸ ನಿಂತೇಹೋಯಿತು. 12 ಜಿಬಿಯ 6700 ಎಕ್ಸ್‌ಟಿಯಲ್ಲಿ ಅದೇ ಫೈಲ್ ನಿಧಾನಕ್ಕೆ, ಆದರೆ ಕೊನೆತನಕ ಓಡಿತು. ತಮ್ಮ ಮೊದಲಿನಿಂದ ಹೇಳ್ತಾ ಬಂದಿದ್ದು ಇದನ್ನೇ. ಕಡಿಮೆ ಕರೆಂಟ್ ತಿಂದು ಅರ್ಧದಲ್ಲಿ ನಿಲ್ಲುವ ಕಾರ್ಡಿನಿಂದ ಏನು ಉಪಯೋಗ? ಅವನ ಮಾತಿಗೆ ನಾನು ತಲೆಬಾಗಲೇಬೇಕಾಯಿತು.

ಅವನು ವಾಪಸ್ ಹೋಗೋ ಮೊದಲು ಒಂದು ಇಡೀ ದಿನ ಅವನ ಕಾರ್ಡಿನ ವೋಲ್ಟೇಜ್ ಇಳಿಸುತ್ತಾ ಕೂತೆವು. ಇದನ್ನು ಅಂಡರ್‌ವೋಲ್ಟ್ ಅಂತಾರೆ. ಕಂಪನಿಗಳು ಕಾರ್ಡನ್ನು ಅದರ ತುತ್ತತುದಿಯ ವೇಗಕ್ಕೆ ಹಚ್ಚಿ ಕಳಿಸುತ್ತವೆ, ಎದುರಾಳಿಗಿಂತ ಎರಡು ಫ್ರೇಮ್ ಮುಂದೆ ಕಾಣಬೇಕು ಅಂತ. ಆ ಕೊನೆಯ ಎರಡು ಫ್ರೇಮಿಗೇ ಕರೆಂಟ್ ಜಾಸ್ತಿ ಖರ್ಚು. ಕರೆಂಟಿನ ಖರ್ಚು ವೋಲ್ಟೇಜಿನ ವರ್ಗದಂತೆ ಏರುತ್ತೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿಸಿದರೆ ಖರ್ಚು ನೂರಕ್ಕೆ ಸುಮಾರು ಹತ್ತೊಂಬತ್ತು ಇಳಿಯುತ್ತೆ. ಎಎಂಡಿಯ ಸ್ವಂತ ಸಾಫ್ಟ್‌ವೇರಿನಲ್ಲೇ ಇದಕ್ಕೆ ಜಾಗ ಇದೆ. ಮೊದಲಿಗೆ 1200 ಮಿಲಿವೋಲ್ಟ್ ಇತ್ತು. 1150 ಮಾಡಿದೆವು, ಓಡಿತು. 1100 ಮಾಡಿದಾಗ ಇಪ್ಪತ್ತು ನಿಮಿಷಕ್ಕೆ ಗೇಮ್ ಬಿದ್ದುಹೋಯಿತು. 1125ಕ್ಕೆ ಏರಿಸಿ, ಚಿಪ್ಪು ಓಡುವ ವೇಗದ ಮಿತಿಯನ್ನು 2400 ಮೆಗಾಹರ್ಟ್ಸ್‌ಗೆ ಕಟ್ಟಿದೆವು. ಎರಡು ಗಂಟೆ ಅಲುಗಾಡದೆ ನಿಂತಿತು. ಗೋಡೆಯ ಮೀಟರ್ 335ರಿಂದ 290ಕ್ಕೆ ಇಳಿಯಿತು, ವೇಗ ನೂರಕ್ಕೆ ಮೂರು ಕಡಿಮೆ ಆಯಿತು. ಆಮೇಲೆ ಮಾನಿಟರ್ ತೋರಿಸೋದೇ ಸೆಕೆಂಡಿಗೆ 60 ಫ್ರೇಮ್ ಅಂತ ನೆನಪಾಗಿ ಗೇಮನ್ನೂ 60ಕ್ಕೆ ಕಟ್ಟಿದೆವು. ಮೀಟರ್ 215ಕ್ಕೆ ಬಂತು. ತಮ್ಮ ಎದ್ದು ನಿಂತು ಮೀಟರ್ ಹತ್ತಿರ ಬಗ್ಗಿ ಇನ್ನೊಮ್ಮೆ ನೋಡಿದ. ಒಂದು ರೂಪಾಯಿ ಖರ್ಚಿಲ್ಲದೆ 120 ವ್ಯಾಟ್ ಉಳಿದಿತ್ತು. ಎರಡು ಕಂಪನಿಗಳ ನಡುವೆ ನಾವು ಹುಡುಕುತ್ತಿದ್ದ ಅಂತರ ಹೆಚ್ಚುಕಡಿಮೆ ಪೂರ್ತಿ ಇದರಲ್ಲೇ ಇತ್ತು.

ಕೊನೆಗೆ ನಾನು ತಗೊಂಡಿದ್ದು ಆರ್‌ಟಿಎಕ್ಸ್ 4060 ಟಿಐ, 16 ಜಿಬಿಯದ್ದು. 165 ವ್ಯಾಟ್. 4060ಕ್ಕಿಂತ ಸುಮಾರು ಹದಿನೈದು ಸಾವಿರ ಜಾಸ್ತಿ ಆಯಿತು. ಗೇಮ್ ಆಡೋರು ಈ ಕಾರ್ಡನ್ನು ದುಡ್ಡಿಗೆ ತಕ್ಕ ವೇಗ ಇಲ್ಲ ಅಂತ ಬೈತಾರೆ, ಅವರ ಲೆಕ್ಕದಲ್ಲಿ ಅದು ಸರಿ. ನನ್ನ ಲೆಕ್ಕ ಬೇರೆ. ಆರತಕ್ಷತೆಯ ಫೈಲ್ ನಿಲ್ಲದೆ ಓಡಬೇಕು, ಯುಪಿಎಸ್ ತಡೀಬೇಕು, ಮೇ ತಿಂಗಳಲ್ಲಿ ನಾನು ಆ ಖೋಲಿಯಲ್ಲಿ ಕೂರಬೇಕು. ತಂದ ದಿನವೇ ಪವರ್ ಲಿಮಿಟ್ ನೂರಕ್ಕೆ ಎಂಬತ್ತಕ್ಕೆ ಇಳಿಸಿದೆ. ಈಗ ಎಷ್ಟೇ ದುಡಿದರೂ 132 ವ್ಯಾಟ್ ದಾಟಲ್ಲ. ಕ್ಯಾಬಿನೆಟ್ಟನ್ನು ಕೂಲರಿನ ಎದುರಿನಿಂದ ತೆಗೆದು ಬಾಗಿಲ ಪಕ್ಕಕ್ಕೆ ಇಟ್ಟೆ, ಹಿಂಬದಿಯ ಬಿಸಿ ಗಾಳಿ ನೇರ ಹೊರಗೆ ಹೋಗುತ್ತೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು ಧೂಳು ಹೊಡೆಯುತ್ತೇನೆ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಬೇಕು, ಗಾಳಿಗೆ ಅದು ಗರಗರ ತಿರುಗಿದರೆ ಬೇರಿಂಗ್ ಹಾಳಾಗುತ್ತೆ.

ಅವ್ವನಿಗೆ ಇದರಲ್ಲಿ ಬೇಕಾಗಿದ್ದು ಒಂದೇ ಅಂಕಿ. ಗೃಹಜ್ಯೋತಿ ಬಂದಮೇಲೆ ನಮ್ಮ ಮನೆಗೆ ಸಿಕ್ಕಿದ ಮಿತಿ 181 ಯೂನಿಟ್, ಅಂದರೆ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಕಾರ್ಡುಗಳ ನಡುವೆ ಮೊದಲು ಕಂಡ 125 ವ್ಯಾಟ್ ವ್ಯತ್ಯಾಸ ಇತ್ತಲ್ಲ, ದಿನಕ್ಕೆ ಎಂಟು ಗಂಟೆ ದುಡಿಸಿದರೆ ಅದೇ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಕಂಪನಿಗೆ ಜೈ ಅನ್ನೋನಿಗೆ ಅದು ಬರೀ ಒಂದು ಅಂಕಿ. ನಮ್ಮ ಮನೆಯಲ್ಲಿ ಅದು ಬಿಲ್ ಕಟ್ಟೋದಾ ಬೇಡವಾ ಅನ್ನೋ ಗೆರೆ. ಏಪ್ರಿಲ್‌ನಲ್ಲಿ ಬಂದ ಚೀಟಿಯಲ್ಲಿ, ಅಂದರೆ ಹಳೇ ಕಾರ್ಡ್ ಓಡುತ್ತಿದ್ದಾಗ, 214 ಆಗಿತ್ತು. ಹೊಸ ಕಾರ್ಡ್ ಬಂದಮೇಲೆ ಮೊದಲ ಪೂರ್ತಿ ತಿಂಗಳ ಚೀಟಿ ಬಂದ ದಿನ ಅವ್ವ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದಳು, 188. ಏಳು ಯೂನಿಟ್ಟಿನ ದುಡ್ಡು ಕಟ್ಟಿದೆವು.

2025ರಲ್ಲಿ ಎಎಂಡಿ ಹೊಸ ಜೋಡಿ ತಂದಿತು. ಆರ್‌ಎಕ್ಸ್ 9070, 220 ವ್ಯಾಟ್. ಅದರ ಅಣ್ಣ 9070 ಎಕ್ಸ್‌ಟಿ, 304 ವ್ಯಾಟ್. ಎರಡರ ಒಳಗೂ ಒಂದೇ ಚಿಪ್ಪು. ದೊಡ್ಡದರಲ್ಲಿ ಭಾಗಗಳು ಸ್ವಲ್ಪ ಜಾಸ್ತಿ, ಓಡಿಸುವ ವೇಗವೂ ಜಾಸ್ತಿ. ಒಂದೇ ಕಂಪನಿ, ಒಂದೇ ಚಿಪ್ಪು, 84 ವ್ಯಾಟ್ ಅಂತರ. ತಮ್ಮ ಚಿಕ್ಕದನ್ನು ತಗೋಬೇಕು ಅಂತಿದ್ದಾನೆ, ಎನ್‌ವಿಡಿಯಾದ 250 ವ್ಯಾಟಿನ 5070 ಜೊತೆ ಹೋಲಿಸ್ತಾ ಇದ್ದಾನೆ. ನಿನ್ನೆ ರಾತ್ರಿ ಫೋನ್ ಮಾಡಿದಾಗ ಯಾವುದು ಒಳ್ಳೆದು ಅಂತ ಕೇಳಲಿಲ್ಲ. "ಶನಿವಾರ ಬರ್ತೀಯಲ್ಲ ಅಣ್ಣ, ಆ ವ್ಯಾಟ್‌ಮೀಟರ್ ತಗೊಂಡ್ ಬಾ" ಅಂದ. "ಮದ್ಲ ನನ್ನ ಹಳೇದು ಅಳ್ಯೋಣು. ಇಲ್ಲಿ ಖೋಲಿ ಬ್ಯಾರೆ, ಅಲ್ಲೀ ಲೆಕ್ಕ ಇಲ್ಲಿ ನಡ್ಯಂಗಿಲ್ಲ."